ಆರ್‌ವಿಯಲ್ಲಿ ಸಂಸಾರ, ಸರೋವರದ ದಂಡೆಯಲ್ಲಿ ಠಿಕಾಣಿ: ಗ್ರ್ಯಾಂಡ್ ಟೀಟಾನ್‌ನ ಕೋಲ್ಟರ್ ಬೇಗೆ ಹೊರಟವರಿಗೆ

ಅಮೆರಿಕದಲ್ಲಿರುವ ನಮ್ಮವರು ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಇರುವ ಮನೆಯಂಥ ಗಾಡಿ, ಬಾಡಿಗೆಗೆ ತಗೊಂಡಾಗ ಸಾಮಾನ್ಯವಾಗಿ ಒಂದೇ ವಾರದಲ್ಲಿ ಐದಾರು ಊರು ನೋಡುವ ಯೋಜನೆ ಹಾಕುತ್ತಾರೆ. ಇವತ್ತು ಇಲ್ಲಿ, ನಾಳೆ ಇನ್ನೂರು ಮೈಲಿ ಆಚೆ. ದಿನಾ ಬೆಳಿಗ್ಗೆ ಪಾತ್ರೆ ಪಗಡೆ ಒಳಗಿಡು, ಪೈಪ್ ಬಿಚ್ಚು, ಸಂಜೆ ಮತ್ತೆ ಎಲ್ಲ ಜೋಡಿಸು. ಮೂರನೇ ದಿನಕ್ಕೆ ಗಾಡಿ ಓಡಿಸುವವರಿಗೂ ಅಡುಗೆ ಮಾಡುವವರಿಗೂ ಸಾಕಪ್ಪಾ ಅನ್ನಿಸಿಬಿಡುತ್ತದೆ.

ಇದರ ಬದಲು ಒಂದೇ ಕಡೆ ನಾಲ್ಕೈದು ರಾತ್ರಿ ನಿಲ್ಲಿ. ಗಾಡಿಯನ್ನು ಒಮ್ಮೆ ನಿಲ್ಲಿಸಿದ ಮೇಲೆ ಹೊರಡುವ ದಿನದವರೆಗೂ ಅಲುಗಾಡಿಸಬೇಡಿ. ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಜಾಗ ಸರಿಯಾಗಿ ಆರಿಸಬೇಕು. ಬಾಗಿಲು ತೆಗೆದು ಇಳಿದರೆ ನಡೆದೇ ನೀರಿಗೆ ಹೋಗುವಂತಿರಬೇಕು, ನಡೆದೇ ಕಾಡಿನ ದಾರಿ ಹಿಡಿಯುವಂತಿರಬೇಕು, ಹಾಲು ಮುಗಿದರೆ ಅಂಗಡಿಗೂ ನಡೆದೇ ಹೋಗುವಂತಿರಬೇಕು. ವಯೋಮಿಂಗ್‌ನ ಗ್ರ್ಯಾಂಡ್ ಟೀಟಾನ್ ನ್ಯಾಷನಲ್ ಪಾರ್ಕ್‌ನಲ್ಲಿ, ಜ್ಯಾಕ್ಸನ್ ಲೇಕ್‌ನ ಪೂರ್ವ ದಂಡೆಯಲ್ಲಿರುವ ಕೋಲ್ಟರ್ ಬೇ ಅಂಥ ಜಾಗ. ಆರ್‌ವಿ ಪಾರ್ಕ್, ಟೆಂಟ್ ಕ್ಯಾಂಪ್‌ಗ್ರೌಂಡ್, ದಿನಸಿ ಅಂಗಡಿ, ಲಾಂಡ್ರಿ, ಶವರ್, ದೋಣಿಕಟ್ಟೆ, ವಿಸಿಟರ್ ಸೆಂಟರ್ ಎಲ್ಲ ಅಲ್ಲೇ ಇವೆ.

ಯಾವಾಗ ಹೋಗಬೇಕು, ಹೇಗೆ ಬುಕ್ ಮಾಡಬೇಕು

ಕೋಲ್ಟರ್ ಬೇ ವರ್ಷಪೂರ್ತಿ ತೆರೆದಿರುವುದಿಲ್ಲ. ಹೆಚ್ಚುಕಮ್ಮಿ ಮೇ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಲೆಕ್ಕ ಇಟ್ಟುಕೊಳ್ಳಿ. ಜೂನ್‌ನಲ್ಲಿ ಎತ್ತರದ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ, ಸೊಳ್ಳೆಯೂ ಜಾಸ್ತಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಹವೆ ಚೆನ್ನಾಗಿರುತ್ತದೆ, ಜನವೂ ವಿಪರೀತ. ಶಾಲೆಯ ಗೊಡವೆ ಇಲ್ಲದವರಾದರೆ ಸೆಪ್ಟೆಂಬರ್ ಮೊದಲೆರಡು ವಾರ ಹಿಡಿಯಿರಿ. ಸೊಳ್ಳೆ ಇಲ್ಲ, ಗದ್ದಲ ಕಡಿಮೆ, ಸಂಜೆ ಹೊತ್ತಿಗೆ ಗಂಡು ಎಲ್ಕ್‌ಗಳ ಕೂಗು ಕೇಳುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಆಗಸ್ಟ್ ಮೊದಲ ಭಾಗವೇ ಸರಿ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಜ್ಯಾಕ್ಸನ್ ಲೇಕ್ ಹಿಮನದಿ ಕೊರೆದ ಸಹಜ ಸರೋವರವೇ ಆದರೂ 1900ರ ದಶಕದಿಂದ ಅದಕ್ಕೆ ಅಣೆಕಟ್ಟು ಇದೆ. 1916ರಲ್ಲಿ ಅದರ ಎತ್ತರವನ್ನು ಇನ್ನಷ್ಟು ಏರಿಸಿದರು. ಅಣೆಕಟ್ಟಿನಿಂದ ಹೆಚ್ಚಾಗಿ ನಿಲ್ಲುವ ಆ ಮೇಲಿನ ನೀರು ಪಕ್ಕದ ಐಡಾಹೋ ರಾಜ್ಯದ ಹೊಲಗಳಿಗೆ ಸೇರಿದ್ದು. ಹಾಗಾಗಿ ಬೇಸಿಗೆ ಕಳೆದಂತೆ ನೀರು ಇಳಿಯುತ್ತಾ ಹೋಗುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಆಗಸ್ಟ್ ಕೊನೆಗೆ ದಂಡೆಯಿಂದ ನೀರಿನವರೆಗೆ ಬರೀ ಉರುಟು ಕಲ್ಲು. ದೋಣಿ ನಿಮಗೆ ಮುಖ್ಯವಾದರೆ ಜುಲೈನಲ್ಲೇ ಹೋಗಿ.

ಕ್ಯಾಂಪ್‌ಗ್ರೌಂಡ್ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ. ಜುಲೈ 20ಕ್ಕೆ ಬೇಕಾದರೆ ಜನವರಿ 20ರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು. ಪಾರ್ಕ್‌ನ ಅಧಿಕೃತ ವೆಬ್‌ಸೈಟ್‌ನಲ್ಲಿ ಕ್ಯಾಂಪಿಂಗ್ ಪುಟಕ್ಕೆ ಹೋಗಿ, ಅಲ್ಲಿರುವ ಲಿಂಕ್‌ನಿಂದಲೇ ಬುಕ್ ಮಾಡಿ. ಕೋಲ್ಟರ್ ಬೇ ಹೆಸರಲ್ಲಿ ಎರಡು ಜಾಗಗಳಿವೆ ಅನ್ನುವುದು ನೆನಪಿರಲಿ. ಕ್ಯಾಂಪ್‌ಗ್ರೌಂಡ್ ಅನ್ನುವುದು ಟೆಂಟ್‌ನವರಿಗೂ ಸಣ್ಣ ಆರ್‌ವಿಗಳಿಗೂ. ಅಲ್ಲಿನ ಹೆಚ್ಚಿನ ಜಾಗಗಳಲ್ಲಿ ಕರೆಂಟು, ನೀರಿನ ಜೋಡಣೆ ಇಲ್ಲ. ಆರ್‌ವಿ ಪಾರ್ಕ್‌ನಲ್ಲಿ ಫುಲ್ ಹುಕಪ್, ಅಂದರೆ ಕರೆಂಟು, ನೀರು, ಒಳಚರಂಡಿ ಮೂರೂ ಇರುತ್ತವೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಎರಡನೆಯದನ್ನೇ ಆರಿಸಿ. ದುಡ್ಡು ಜಾಸ್ತಿ, ಜಾಗ ಒತ್ತೊತ್ತು, ಆದರೆ ಸ್ನಾನಕ್ಕೂ ಶೌಚಕ್ಕೂ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಜಾಗದಲ್ಲಿ ಕ್ಯಾಂಪ್‌ಫೈರ್‌ಗೆ ಅನುಮತಿ ಇದೆಯಾ ಅಂತ ಬುಕ್ ಮಾಡುವಾಗಲೇ ಓದಿಕೊಳ್ಳಿ. ಮಾರ್ಷ್‌ಮೆಲೋ ಸುಡುತ್ತೀವಿ ಅಂತ ಮಕ್ಕಳಿಗೆ ಮಾತು ಕೊಟ್ಟು ಅಲ್ಲಿ ಹೋಗಿ ಪೆಚ್ಚಾಗುವುದು ಬೇಡ.

ಪ್ರವೇಶ ಶುಲ್ಕ ಒಂದು ಗಾಡಿಗೆ 7 ದಿನಕ್ಕೆ 35 ಡಾಲರ್. ಪಕ್ಕದ ಯೆಲ್ಲೋಸ್ಟೋನ್‌ಗೆ ಬೇರೆ 35. ಇವೆರಡರ ಜೊತೆ ಇನ್ನೊಂದು ಪಾರ್ಕ್ ನೋಡುವ ಆಸೆಯಿದ್ದರೆ 80 ಡಾಲರ್‌ನ ವಾರ್ಷಿಕ ಪಾಸ್ ತಗೊಳ್ಳುವುದೇ ವಾಸಿ. ಆದರೆ ಈ 80ರ ಪಾಸ್ ಈಗ ಅಮೆರಿಕದ ನಿವಾಸಿಗಳಿಗೆ ಮಾತ್ರ. 2026ರ ಜನವರಿ 1ರಿಂದ ನಿವಾಸಿಗಳಲ್ಲದವರ ಪಾಸ್ 250 ಡಾಲರ್. ಆ ಪಾಸ್ ಇಲ್ಲದೆ ಬಂದರೆ ಗ್ರ್ಯಾಂಡ್ ಟೀಟಾನ್, ಯೆಲ್ಲೋಸ್ಟೋನ್ ಸೇರಿ 11 ಪಾರ್ಕ್‌ಗಳಲ್ಲಿ 16 ವರ್ಷ ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿದ್ದರೆ ಗೇಟಿನಲ್ಲಿ ಗಾಬರಿಯಾಗುವ ಬದಲು ಈ ನಿಯಮವನ್ನು ಹೊರಡುವ ಮುಂಚೆಯೇ ಓದಿಕೊಳ್ಳಿ. ನಿಮ್ಮ ಡ್ರೈವಿಂಗ್ ಲೈಸೆನ್ಸ್, ಅವರ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.

ಗಾಡಿ ಎಷ್ಟು ದೊಡ್ಡದು ಬೇಕು

ಆರು ಜನರ ಸಂಸಾರಕ್ಕೆ 25ರಿಂದ 30 ಅಡಿಯ ಕ್ಲಾಸ್ ಸಿ ಸಾಕು. ಡ್ರೈವರ್ ತಲೆಯ ಮೇಲೆ ಒಂದು ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಅದೇ. ಆ ಮೇಲಿನ ಹಾಸಿಗೆ ಮಕ್ಕಳಿಗೆ ಸ್ವರ್ಗ. ಅಜ್ಜ ಅಜ್ಜಿಯರನ್ನು ಏಣಿ ಹತ್ತಿಸಬೇಡಿ, ಹಿಂದಿನ ರೂಮನ್ನು ಅವರಿಗೇ ಬಿಟ್ಟುಕೊಡಿ.

"ಎಂಟು ಜನ ಮಲಗಬಹುದು" ಅಂತ ಬರೆದಿರುವುದನ್ನು ನಂಬಬೇಡಿ. ಎಷ್ಟು ಸೀಟ್‌ಬೆಲ್ಟ್ ಇವೆ ಅಂತ ಕೇಳಿ. ಮಗುವಿನ ಕಾರ್ ಸೀಟ್ ಹಾಕುವುದಾದರೆ ಮುಂದಕ್ಕೆ ಮುಖ ಮಾಡಿದ ಬೆಲ್ಟಿರುವ ಸೀಟೇ ಬೇಕು. ಪಕ್ಕಕ್ಕೆ ತಿರುಗಿದ ಸೋಫಾ ನಡೆಯುವುದಿಲ್ಲ.

ಬಾಡಿಗೆ ಲೆಕ್ಕ ಮಾಡುವಾಗ ದಿನದ ದರ ಒಂದನ್ನೇ ನೋಡಬೇಡಿ. ದಿನಕ್ಕೆ ಇಷ್ಟು ಮೈಲಿ ಉಚಿತ, ಆಮೇಲೆ ಮೈಲಿಗೆ ಇಷ್ಟು, ಜನರೇಟರ್‌ಗೆ ಗಂಟೆಗೆ ಇಷ್ಟು, ಹಾಸಿಗೆ ಹೊದಿಕೆಗೆ, ಪಾತ್ರೆ ಸೆಟ್‌ಗೆ ಬೇರೆ ಅಂತ ಪಟ್ಟಿ ಬೆಳೆಯುತ್ತದೆ. ಒಂದೇ ಕಡೆ ನಿಲ್ಲುವುದರ ಇನ್ನೊಂದು ಲಾಭ ಇಲ್ಲಿದೆ. ಮೈಲಿಯೂ ಕಡಿಮೆ, ಜನರೇಟರ್ ಹಾಕುವ ಪ್ರಮೇಯವೇ ಇಲ್ಲ.

ಇನ್ನು ಮುಖ್ಯ ಮಾತು. ಜೊತೆಗೆ ಒಂದು ಸಣ್ಣ ಕಾರು ಇರಲೇಬೇಕು. ಎರಡು ಮನೆಯವರು ಸೇರಿ ಹೋದರೆ ಒಬ್ಬರು ಆರ್‌ವಿ, ಒಬ್ಬರು ಕಾರು. ಒಂದೇ ಮನೆಯಾದರೆ ಒಬ್ಬರು ಜ್ಯಾಕ್ಸನ್ ಹೋಲ್ ಏರ್‌ಪೋರ್ಟ್‌ನಲ್ಲಿ ಕಾರು ಬಾಡಿಗೆ ತಗೊಂಡು ಹಿಂದೆ ಬರಲಿ. ಆ ಏರ್‌ಪೋರ್ಟ್ ಪಾರ್ಕ್‌ನ ಒಳಗೇ ಇದೆ, ದಾರಿಯಲ್ಲೇ ಸಿಗುತ್ತದೆ. ಕಾರು ಯಾಕೆ ಅಂದರೆ, ಸಿಗ್ನಲ್ ಮೌಂಟನ್ ಮೇಲೆ ಹೋಗುವ ರಸ್ತೆಗೂ ಮೂಸ್-ವಿಲ್ಸನ್ ರಸ್ತೆಗೂ ಆರ್‌ವಿಯನ್ನು ಬಿಡುವುದಿಲ್ಲ. ಜೆನ್ನಿ ಲೇಕ್, ಸ್ಟ್ರಿಂಗ್ ಲೇಕ್‌ಗಳಲ್ಲಿ ಪಾರ್ಕಿಂಗ್ ಬೆಳಿಗ್ಗೆಯೇ ತುಂಬುತ್ತದೆ. ಅಲ್ಲಿ 30 ಅಡಿಯ ಗಾಡಿ ತಿರುಗಿಸಲು ಹೋದರೆ ಅಕ್ಕಪಕ್ಕದವರೆಲ್ಲ ನಿಂತು ನೋಡುತ್ತಾರೆ.

ದಾರಿ

ಆರ್‌ವಿ ಬಾಡಿಗೆಗೆ ಸಾಲ್ಟ್ ಲೇಕ್ ಸಿಟಿ ಅನುಕೂಲ. ಅಲ್ಲಿಂದ ಜ್ಯಾಕ್ಸನ್ ಊರಿಗೆ ಸುಮಾರು 280 ಮೈಲಿ, ಅಲ್ಲಿಂದ ಕೋಲ್ಟರ್ ಬೇಗೆ ಇನ್ನೂ 40. ಕಾರಿಗೆ ತೋರಿಸುವ ಸಮಯಕ್ಕೆ ಎರಡು ಗಂಟೆ ಸೇರಿಸಿಕೊಳ್ಳಿ. ಅಕ್ಕಿ, ಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ತೆಂಗಿನತುರಿ ಎಲ್ಲ ಸಾಲ್ಟ್ ಲೇಕ್‌ನಲ್ಲೇ ಕೊಂಡುಬಿಡಿ. ಹಾಲು, ಮೊಸರು, ತರಕಾರಿ ಜ್ಯಾಕ್ಸನ್‌ನಲ್ಲಿ ಸಿಗುತ್ತವೆ. ಕೋಲ್ಟರ್ ಬೇ ಅಂಗಡಿ ಇರುವುದು ಅವಸರಕ್ಕೆ, ವಾರದ ದಿನಸಿಗಲ್ಲ.

ಐಡಾಹೋ ಫಾಲ್ಸ್ ಕಡೆಯಿಂದ ಬರುವಾಗ ಫೋನಿನ ಮ್ಯಾಪ್ ನಿಮ್ಮನ್ನು ಸ್ವಾನ್ ವ್ಯಾಲಿಯಲ್ಲಿ ಎಡಕ್ಕೆ ತಿರುಗಿಸಿ, ವಿಕ್ಟರ್ ಮೂಲಕ ಟೀಟಾನ್ ಪಾಸ್ ಹತ್ತಿಸಲು ನೋಡುತ್ತದೆ. ಅದರ ಮಾತು ಕೇಳಬೇಡಿ. 8,431 ಅಡಿಯ ಆ ಘಾಟಿಯಲ್ಲಿ ಇಳಿಜಾರು ಶೇಕಡ 10ರವರೆಗೂ ಇದೆ. ಹೊಸಬರು ಬಾಡಿಗೆ ಗಾಡಿ ಹೊಡೆಯುವ ಜಾಗ ಅದಲ್ಲ, ಬ್ರೇಕ್ ಕಾದು ವಾಸನೆ ಬರಲು ಶುರುವಾಗುತ್ತದೆ. ನೇರ ಆಲ್ಪೈನ್‌ಗೆ ಹೋಗಿ, ಸ್ನೇಕ್ ನದಿಯ ಪಕ್ಕದಲ್ಲೇ ಹೋಬ್ಯಾಕ್ ಜಂಕ್ಷನ್ ದಾಟಿ ಜ್ಯಾಕ್ಸನ್ ಸೇರಿ. ದೂರ ಸ್ವಲ್ಪ ಜಾಸ್ತಿ, ದಾರಿ ಸಲೀಸು.

ಕತ್ತಲಾಗುವ ಮುಂಚೆ ತಲುಪಿ. ಪಾರ್ಕ್‌ನ ಮುಖ್ಯ ಹೈವೇಯಲ್ಲಿ ರಾತ್ರಿಯ ವೇಗಮಿತಿ 45 ಮೈಲಿ, ಕಾರಣ ಪ್ರಾಣಿಗಳು. ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ 399 ಅನ್ನುವ ಹೆಣ್ಣು ಗ್ರಿಜ್ಲಿ ಕರಡಿ, 28 ವರ್ಷದ್ದು, 2024ರ ಅಕ್ಟೋಬರ್‌ನಲ್ಲಿ ಸತ್ತಿದ್ದು ಗಾಡಿಗೆ ಸಿಕ್ಕಿ. ಅದೂ ನೀವು ಆಲ್ಪೈನ್‌ನಿಂದ ಬರುವ ಇದೇ ಸ್ನೇಕ್ ನದಿ ಕಣಿವೆಯ ರಸ್ತೆಯಲ್ಲಿ.

ಗಾಡಿ ನಿಲ್ಲಿಸಿದ ಮೇಲೆ

ಜಾಗಕ್ಕೆ ಬಂದ ತಕ್ಷಣ ಗಾಡಿ ಒಳಗೆ ನುಗ್ಗಿಸಬೇಡಿ. ಇಳಿದು ಒಂದು ಸುತ್ತು ನೋಡಿ. ಮೇಲೆ ಕೊಂಬೆ ಇದೆಯಾ, ಕರೆಂಟಿನ ಕಂಬ ಎಲ್ಲಿದೆ, ಚರಂಡಿಯ ತೂತು ಎಲ್ಲಿದೆ. ಒಬ್ಬರು ಹಿಂದೆ ನಿಂತು ಕೈ ಸನ್ನೆ ಮಾಡಲಿ. ಒಬ್ಬರೇ. ಅಪ್ಪ ಒಂದು ಹೇಳಿ, ಹೆಂಡತಿ ಒಂದು ಹೇಳಿ, ಮಗ ಇನ್ನೊಂದು ಕೂಗಿದರೆ ಕಂಬಕ್ಕೆ ಗುದ್ದುವುದು ಗ್ಯಾರಂಟಿ.

ಆಮೇಲೆ ಈ ಕ್ರಮ:

1. ಗಾಡಿ ಸಮತಟ್ಟಾಗಿದೆಯಾ ನೋಡಿ. ಇಲ್ಲದಿದ್ದರೆ ತಗ್ಗಾದ ಕಡೆಯ ಚಕ್ರದಡಿ ಲೆವೆಲಿಂಗ್ ಬ್ಲಾಕ್ ಹಾಕಿ. ಗ್ಯಾಸಿನಿಂದಲೂ ನಡೆಯುವ ಫ್ರಿಜ್ ವಾಲಿಕೊಂಡಿದ್ದರೆ ಸರಿಯಾಗಿ ತಣಿಯುವುದಿಲ್ಲ, ಕೆಟ್ಟರೂ ಕೆಟ್ಟೀತು. ಚಕ್ರಕ್ಕೆ ಅಡ್ಡಗಟ್ಟೆ ಕೊಡಿ.
2. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. ಸರ್ಜ್ ಪ್ರೊಟೆಕ್ಟರ್ ಇದ್ದರೆ ನಡುವೆ ಸೇರಿಸಿ.
3. ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಪ್ರೆಶರ್ ರೆಗ್ಯುಲೇಟರ್ ಹಾಕಿ, ಕುಡಿಯುವ ನೀರಿನ ಪೈಪ್ ಜೋಡಿಸಿ. ಸೆಪ್ಟೆಂಬರ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರಬಹುದು. ಅಂಥ ರಾತ್ರಿ ಪೈಪ್ ತೆಗೆದು ಒಳಗಿಡಿ.
4. ಕೈಗವಸು ಹಾಕಿಕೊಂಡು ಚರಂಡಿ ಪೈಪ್ ಸಿಗಿಸಿ. ವಾಲ್ವ್ ಎರಡೂ ಮುಚ್ಚಿಯೇ ಇರಲಿ.
5. ಸ್ಲೈಡ್, ಅಂದರೆ ಗಾಡಿಯ ಗೋಡೆಯಿಂದ ಹೊರಕ್ಕೆ ಚಾಚುವ ಭಾಗವನ್ನು, ಹೊರಗೆ ಬಿಡುವ ಮುಂಚೆ ಹೊರಗೊಬ್ಬರು ನಿಂತು ನೋಡಲಿ.

ಆ ವಾಲ್ವ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿಯಲ್ಲಿ ಎರಡು ಕೊಳಕು ನೀರಿನ ಟ್ಯಾಂಕ್ ಇರುತ್ತವೆ. ಶೌಚದ್ದು ಬ್ಲ್ಯಾಕ್, ಸಿಂಕು ಮತ್ತು ಸ್ನಾನದ್ದು ಗ್ರೇ. ಚರಂಡಿಗೆ ಪೈಪ್ ಹಾಕಿದ್ದೇವಲ್ಲ ಅಂತ ಬ್ಲ್ಯಾಕ್ ವಾಲ್ವ್ ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಮಾತ್ರ ಒಳಗೆ ಗುಡ್ಡೆ ಬೀಳುತ್ತದೆ. ಅದನ್ನು ತೆಗೆಯುವ ಕಷ್ಟ ಯಾರಿಗೂ ಬೇಡ. ಮುಚ್ಚಿಯೇ ಇಡಿ, ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಬಿಡಿ. ಮೊದಲು ಬ್ಲ್ಯಾಕ್ ಖಾಲಿ ಮಾಡಿ ಮುಚ್ಚಿ, ಆಮೇಲೆ ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ನಮ್ಮ ಮನೆಗಳಲ್ಲಿ ಶೌಚಕ್ಕೆ ಚೊಂಬು ಇಲ್ಲದೆ ಆಗುವುದಿಲ್ಲ. ಟ್ಯಾಂಕಿಗೆ ನೀರು ಜಾಸ್ತಿ ಹೋದರೆ ಒಳ್ಳೆಯದೇ, ಆದರೆ ಬೇಗ ತುಂಬುತ್ತದೆ. 30 ಗ್ಯಾಲನ್ ಟ್ಯಾಂಕ್ ಅಂದರೆ ಸುಮಾರು 113 ಲೀಟರ್. ಆರು ಜನಕ್ಕೆ ಎರಡು ಮೂರು ದಿನದ ಲೆಕ್ಕ. ಫುಲ್ ಹುಕಪ್ ಜಾಗ ತಗೊಳ್ಳಿ ಅಂದಿದ್ದು ಇದಕ್ಕೇ. ಬಿಸಿನೀರಿನ ಟ್ಯಾಂಕ್ ಹೆಚ್ಚಿನ ಗಾಡಿಗಳಲ್ಲಿ 6 ಗ್ಯಾಲನ್ ಮಾತ್ರ, ಒಂದು ಬಕೆಟ್‌ಗಿಂತ ಸ್ವಲ್ಪ ಜಾಸ್ತಿ. ತಲೆಸ್ನಾನದ ದಿನ ಎಲ್ಲರೂ ಟವೆಲ್ ಹಿಡಿದು ಕ್ಯಾಂಪ್‌ನ ಶವರ್‌ಗೆ ನಡೆಯಿರಿ.

ಕರೆಂಟಿನಲ್ಲೂ ಒಂದು ಲೆಕ್ಕ ಇದೆ. ಸಾಮಾನ್ಯವಾಗಿ ಈ ಗಾಡಿಗಳದ್ದು 30 ಆಂಪ್, ಅಂದರೆ ಒಟ್ಟು 3,600 ವಾಟ್. ಇಂಡಕ್ಷನ್ ಒಲೆ 1,800 ವಾಟ್, ಎಲೆಕ್ಟ್ರಿಕ್ ಕೆಟಲ್ 1,500. ಅವೆರಡರ ಜೊತೆ ಎಸಿ ಹಾಕಿದಿರಿ ಅಂದರೆ ಟಪ್ ಅಂತ ಎಲ್ಲ ಹೋಗುತ್ತದೆ. ಕಾಫಿ ಡಿಕಾಕ್ಷನ್‌ಗೆ ನೀರು ಕಾಯಿಸುವಾಗ ಉಳಿದದ್ದನ್ನು ಆಫ್ ಮಾಡಿ. ಅಡುಗೆಗೆ ಗ್ಯಾಸೇ ಸುಖ.

ಅಡುಗೆ, ಎತ್ತರ, ಕರಡಿ

ಜ್ಯಾಕ್ಸನ್ ಲೇಕ್ ಇರುವುದು ಸುಮಾರು 6,770 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ನೂರು ಮೀಟರ್‌ಗೂ ಹೆಚ್ಚು ಮೇಲೆ ನೀವು ಗಾಡಿ ನಿಲ್ಲಿಸಿರುತ್ತೀರಿ. ಮೊದಲ ದಿನ ಸ್ವಲ್ಪ ಏದುಸಿರು, ತಲೆನೋವು ಸಹಜ. ನೀರು ಚೆನ್ನಾಗಿ ಕುಡಿಯಿರಿ, ದೊಡ್ಡ ನಡಿಗೆಯನ್ನು ಮೊದಲ ದಿನ ಇಟ್ಟುಕೊಳ್ಳಬೇಡಿ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಬರುವ ಮುಂಚೆ ಡಾಕ್ಟರನ್ನು ಕೇಳಲಿ.

ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಹಾಗಾಗಿ ಕುಕ್ಕರ್ ಮರೆಯಬೇಡಿ. ಮನೆಯಲ್ಲಿ ಮೂರು ಸೀಟಿಗೆ ಆಗುವುದಕ್ಕೆ ಇಲ್ಲಿ ಐದು ಕೂಗಿಸಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ, ಮನೆಯಲ್ಲೇ ಹುರಿದಿಟ್ಟ ಉಪ್ಪಿಟ್ಟಿನ ರವೆ ತಂದರೆ ಅರ್ಧ ಕೆಲಸ ಮುಗಿದಂತೆ. ಒಣಮೆಣಸಿನಕಾಯಿ ಒಗ್ಗರಣೆಯನ್ನು ಗಾಡಿಯೊಳಗೆ ಹಾಕಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ. ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಅಲಾರಂ ಬ್ಯಾಟರಿ ಕಿತ್ತಿಡುವ ಬುದ್ಧಿವಂತಿಕೆ ಮಾತ್ರ ಬೇಡ. ರಾತ್ರಿ ಗ್ಯಾಸ್ ಹೀಟರ್ ಓಡುತ್ತಿರುತ್ತದೆ. ಅನ್ನದ ಅಗುಳು, ಎಣ್ಣೆ ಜಿಡ್ಡು ಸಿಂಕಿಗೆ ಹೋಗಬಾರದು. ತಟ್ಟೆಯನ್ನು ಪೇಪರ್ ಟವೆಲ್‌ನಲ್ಲಿ ಒರೆಸಿಯೇ ತೊಳೆಯಿರಿ.

ಹೊರಗೆ ಪಿಕ್ನಿಕ್ ಟೇಬಲ್ ಮೇಲೆ ಒಲೆ ಇಟ್ಟು ದೋಸೆ ಹೊಯ್ಯುವ ಖುಷಿಯೇ ಬೇರೆ. ಆದರೆ ಇದು ಗ್ರಿಜ್ಲಿ ಮತ್ತು ಕಪ್ಪು ಕರಡಿಗಳ ನಾಡು. ತಿಂಡಿ, ಕೂಲರ್, ಎಣ್ಣೆ ಬಾಟಲು, ತೊಳೆಯದ ಬಾಣಲೆ, ಕಸದ ಚೀಲ, ಟೂತ್‌ಪೇಸ್ಟ್ ಯಾವುದನ್ನೂ ಹೊರಗೆ ಬಿಟ್ಟು ಒಳಗೆ ಹೋಗಬೇಡಿ, ಐದು ನಿಮಿಷಕ್ಕೂ. ಇದು ಬರೀ ಸಲಹೆಯಲ್ಲ, ಪಾರ್ಕ್‌ನ ನಿಯಮ, ದಂಡವೂ ಇದೆ. ಒಮ್ಮೆ ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ.

ಬೇರ್ ಸ್ಪ್ರೇ, ಅಂದರೆ ಮೈಮೇಲೆ ಬರುವ ಕರಡಿಯನ್ನು ತಡೆಯುವ ಖಾರದ ಸ್ಪ್ರೇ, ಕೊಳ್ಳಿ. ವಿಮಾನದಲ್ಲಿ ತರುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಅಲ್ಲೇ ಸಿಗುತ್ತದೆ. ದೊಡ್ಡವರಿಬ್ಬರ ಸೊಂಟದಲ್ಲಿ ಒಂದೊಂದು ಇರಲಿ, ಬ್ಯಾಗಿನ ತಳದಲ್ಲಿದ್ದರೆ ಇದ್ದೂ ಇಲ್ಲದಂತೆ. ಸೊಳ್ಳೆ ಸ್ಪ್ರೇ ಥರ ಮೈಗೆ ಹೊಡೆದುಕೊಳ್ಳುವುದಲ್ಲ ಅಂತ ಮನೆಯವರಿಗೆಲ್ಲ ಹೇಳಿ. ಕರಡಿ ಮೈಮೇಲೆ ಬಂದರೆ ಸೇಫ್ಟಿ ಕ್ಲಿಪ್ ತೆಗೆದು, ಅದು 30 ಅಡಿ ಹತ್ತಿರಕ್ಕೆ ಬಂದಾಗ, ಸ್ವಲ್ಪ ತಗ್ಗಿಸಿ ಅದರ ಮುಂದಕ್ಕೆ ಹೊಡೆಯಬೇಕು. ಓಡಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಡಬೇಡಿ.

ದಾರಿಯಲ್ಲಿ ಮಾತಾಡುತ್ತಾ ನಡೆಯಿರಿ, ತಿರುವಿನಲ್ಲಿ ಚಪ್ಪಾಳೆ ತಟ್ಟಿ. ನಮ್ಮವರು ಗುಂಪಾಗಿ ಹೊರಟರೆ ಸದ್ದಿಗೇನೂ ಬರವಿಲ್ಲ ಬಿಡಿ. ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಕರಡಿ, ತೋಳಗಳಿಂದ 100 ಗಜ, ಮೂಸ್, ಎಲ್ಕ್, ಕಾಡೆಮ್ಮೆಯಂಥವುಗಳಿಂದ 25 ಗಜ ದೂರ ಇರಬೇಕು. ಫೋಟೋಗೆ ಅಂತ ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ನಡಿಗೆಗಳು: ಸುಲಭದಿಂದ ಕಷ್ಟಕ್ಕೆ

ಬಂದ ಸಂಜೆ ಲೇಕ್‌ಶೋರ್ ಟ್ರೇಲ್. ವಿಸಿಟರ್ ಸೆಂಟರ್ ಹಿಂದಿನಿಂದಲೇ ಶುರು, ಪೂರ್ತಿ ಸುತ್ತಿದರೆ ಸುಮಾರು 2 ಮೈಲಿ, ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ಕಲ್ಲಿನ ಕಿರಿದಾದ ಒಂದು ದಾರಿ ದಾಟಿದರೆ ದ್ವೀಪದಂಥ ತುಣುಕಿನ ಸುತ್ತ ನಡೆಯಬಹುದು. ಆಚೆ ದಂಡೆಯಲ್ಲಿ 12,605 ಅಡಿಯ ಮೌಂಟ್ ಮೊರಾನ್ ಎದ್ದು ನಿಂತಿರುತ್ತದೆ. ಅದರ ಎದೆಯ ಮೇಲೆ ಬಿಳಿ ಹಿಮನದಿಯೊಂದಿದೆ, ಹೆಸರು ಸ್ಕಿಲೆಟ್. ಕೆಳಗೆ ಅಗಲ, ಮೇಲಕ್ಕೆ ಉದ್ದನೆಯ ಹಿಡಿ, ಥೇಟ್ ಗೋಡೆಗೆ ನೇತುಹಾಕಿದ ದೋಸೆ ಕಾವಲಿ. ಮಕ್ಕಳಿಗೆ ಹುಡುಕಲು ಬಿಡಿ, ನಿಮಗಿಂತ ಮುಂಚೆ ಕಂಡುಹಿಡಿಯುತ್ತಾರೆ. ಅಜ್ಜ ಅಜ್ಜಿಯರು ಅರ್ಧಕ್ಕೇ ಸಾಕು ಅಂದರೂ ನಷ್ಟವಿಲ್ಲ, ಮೊದಲ ಕಾಲು ಗಂಟೆಯಲ್ಲೇ ನೋಟ ಸಿಕ್ಕಿಬಿಡುತ್ತದೆ.

ಎರಡನೇ ದಿನ ಬೆಳಿಗ್ಗೆ ಹೆರಾನ್ ಪಾಂಡ್ ಮತ್ತು ಸ್ವಾನ್ ಲೇಕ್ ಸುತ್ತು. ಸುಮಾರು 3 ಮೈಲಿ. ದೋಣಿಕಟ್ಟೆಯ ಹತ್ತಿರ ಹರ್ಮಿಟೇಜ್ ಪಾಯಿಂಟ್ ಅನ್ನುವ ಬೋರ್ಡ್ ಹಿಡಿದು ಹೊರಡಬೇಕು. ಈ ನಡಿಗೆ ನನಗೆ ಪಾರ್ಕ್‌ನ ಹೆಸರಾಂತ ದಾರಿಗಳಿಗಿಂತ ಹೆಚ್ಚು ಇಷ್ಟ. ದೊಡ್ಡ ನೋಟಗಳಿಲ್ಲ, ಆದರೆ ನಿಂತು ನೋಡಲು ಬೇಕಾದಷ್ಟಿದೆ. ಹೆರಾನ್ ಪಾಂಡ್ ತುಂಬ ಹಳದಿ ಹೂವಿನ ನೀರುಲಿಲ್ಲಿ. ನೀರಿನ ಅಂಚಿನಲ್ಲಿ ಕಡ್ಡಿ ಕೆಸರು ಸೇರಿಸಿ ಬೀವರ್‌ಗಳು ಕಟ್ಟಿದ ಗುಡ್ಡೆಮನೆ. ಅವು ಕಡಿದ ಮರದ ಬುಡ ಪೆನ್ಸಿಲ್ ಚೂಪು ಮಾಡಿದ ಹಾಗೆ ಇರುತ್ತದೆ, ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿ ನೋಡಬಹುದು. ಬೆಳಿಗ್ಗೆ ಏಳರ ಒಳಗೆ ಹೋದರೆ ಮೂಸ್ ಸಿಗುವ ಸಾಧ್ಯತೆ ಜಾಸ್ತಿ. ಇದೇ ದಾರಿಯಲ್ಲಿ ಕುದುರೆ ಸವಾರಿಯೂ ಇದೆ, ಹಾಗಾಗಿ ಲದ್ದಿ ಮತ್ತು ದೂಳು ತಪ್ಪಿದ್ದಲ್ಲ. ಕವಲುಗಳು ಬಹಳ, ಪ್ರತಿ ಕವಲಲ್ಲೂ ಬೋರ್ಡ್ ಇದೆ. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ, ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ಗಟ್ಟಿ ಕಾಲಿನ ಹದಿಹರೆಯದವರಿದ್ದರೆ ಅದೇ ದಾರಿಯಲ್ಲಿ ಹರ್ಮಿಟೇಜ್ ಪಾಯಿಂಟ್‌ವರೆಗೂ ಹೋಗಲಿ. ಹೋಗಿ ಬರಲು ಒಟ್ಟು ಒಂಬತ್ತು ಮೈಲಿಗೂ ಹೆಚ್ಚು, ಅರ್ಧ ದಿನ ಬೇಕು.

ಈ ಎರಡಕ್ಕೂ ಗಾಡಿ ಹತ್ತಬೇಕಾಗಿಲ್ಲ. ಮೂರನೇ ದಿನ ಕಾರು ತೆಗೆಯಿರಿ.

ಜೆನ್ನಿ ಲೇಕ್ ಸುಮಾರು 20 ಮೈಲಿ ದಕ್ಷಿಣಕ್ಕೆ. ಬೆಳಿಗ್ಗೆ 8ರ ಒಳಗೆ ಪಾರ್ಕಿಂಗ್‌ನಲ್ಲಿ ಇರಬೇಕು, ಹತ್ತಕ್ಕೆ ಹೋದರೆ ರಸ್ತೆ ಬದಿಯಲ್ಲಿ ನಿಲ್ಲಿಸಿ ದೂರ ನಡೆಯಬೇಕಾಗುತ್ತದೆ. ಅಲ್ಲಿ ಸರೋವರ ದಾಟಿಸುವ ಶಟಲ್ ದೋಣಿ ಇದೆ. ಆಚೆ ದಡದಿಂದ ಹಿಡನ್ ಫಾಲ್ಸ್ ಜಲಪಾತಕ್ಕೆ ಅರ್ಧ ಮೈಲಿ ಏರು, ಇನ್ನೂ ಅರ್ಧ ಮೈಲಿ ಹತ್ತಿದರೆ 7,200 ಅಡಿಯ ಇನ್ಸ್‌ಪಿರೇಷನ್ ಪಾಯಿಂಟ್. ದೋಣಿಯ ದುಡ್ಡು ಉಳಿಸಲು ಸರೋವರದ ಸುತ್ತ ನಡೆಯುತ್ತೀನಿ ಅಂದರೆ ಹೋಗಿಬರಲು ಸುಮಾರು 5 ಮೈಲಿ ಆಗುತ್ತದೆ. ಮಕ್ಕಳಿದ್ದರೆ ಹಾಗೆ ಮಾಡಬೇಡಿ, ದೋಣಿಯೇ ಅವರಿಗೆ ಅರ್ಧ ಮಜಾ. ಅಮ್ಮನವರಿಗೆ ಮಂಡಿನೋವಿದ್ದರೆ ಜಲಪಾತದಲ್ಲೇ ಕೂತಿರಲಿ. ಅದರ ಮೇಲಿನ ದಾರಿ ಬಂಡೆಯ ಅಂಚಿನಲ್ಲಿ ಕಿರಿದಾಗಿದೆ, ಒಂದು ಕಡೆ ಇಳಿಜಾರು.

ವಾಪಸ್ ಬರುವಾಗ ಸ್ಟ್ರಿಂಗ್ ಲೇಕ್‌ನಲ್ಲಿ ಮಕ್ಕಳನ್ನು ನೀರಿಗೆ ಬಿಡಿ. ನೀರು ಆಳವಿಲ್ಲ, ಪಾರ್ಕ್‌ನ ಬೇರೆ ಸರೋವರಗಳಷ್ಟು ಕೊರೆಯುವುದೂ ಇಲ್ಲ. ಅಲ್ಲೂ ಪಾರ್ಕಿಂಗ್ ಬೇಗ ತುಂಬುತ್ತದೆ, ಸಂಜೆ ನಾಲ್ಕರ ಮೇಲೆ ಖಾಲಿಯಾಗುತ್ತದೆ. ಇನ್ನೊಂದು ದಿನ ಇದ್ದರೆ ಟ್ಯಾಗರ್ಟ್ ಲೇಕ್, ಹೋಗಿಬರಲು 3 ಮೈಲಿಯ ಮೇಲೆ ಸ್ವಲ್ಪ.

ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇದ್ದದ್ದೇ. ಯಾವ ನಡಿಗೆಯಾದರೂ ಹನ್ನೆರಡೂವರೆಯೊಳಗೆ ಕೆಳಗೆ ಬಂದಿರಿ. ಜುಲೈನಲ್ಲೂ ಹಗಲು 27 ಡಿಗ್ರಿ ಇದ್ದು ರಾತ್ರಿ 5ಕ್ಕೆ ಇಳಿಯುತ್ತದೆ. ಊರಿಂದ ಬಂದವರಿಗೆ ಸ್ವೆಟರ್, ಟೋಪಿ, ದಪ್ಪ ಸಾಕ್ಸ್ ಇಟ್ಟುಕೊಳ್ಳಲು ಹೇಳಿ.

ನಡೆಯಲು ಆಗದವರಿಗೂ ದಿನ ಬೋರಾಗುವುದಿಲ್ಲ. ಸಿಗ್ನಲ್ ಮೌಂಟನ್ ನೆತ್ತಿಗೆ ಕಾರಿನಲ್ಲೇ ಹೋಗಬಹುದು. ಆಕ್ಸ್‌ಬೋ ಬೆಂಡ್‌ನಲ್ಲಿ ಬೆಳಿಗ್ಗೆ ಗಾಳಿ ಏಳುವ ಮುಂಚೆ ಮೌಂಟ್ ಮೊರಾನ್ ನೀರಲ್ಲಿ ತಲೆಕೆಳಗಾಗಿ ಕಾಣುತ್ತದೆ. ವಿಸಿಟರ್ ಸೆಂಟರ್‌ನಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಕೊಡುತ್ತಾರೆ. ಅದನ್ನು ತುಂಬಿ ಕೊಟ್ಟರೆ ಕೈ ಎತ್ತಿಸಿ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಮೊದಲ ದಿನವೇ ತಗೊಳ್ಳಿ, ಕೊನೆಯ ದಿನ ಅವಸರ ಆಗುತ್ತದೆ.

ನೀರಿಗಿಳಿಯುವ ಮುಂಚೆ

ಕೋಲ್ಟರ್ ಬೇ ದೋಣಿಕಟ್ಟೆಯಲ್ಲಿ ಕಯಾಕ್, ಕನೂ ಬಾಡಿಗೆಗೆ ಸಿಗುತ್ತವೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಗಾಳಿ ಎದ್ದರೆ ಅಲೆ ಜೋರು. ಮನೆಯಿಂದ ಗಾಳಿ ತುಂಬುವ ಕಯಾಕ್ ಅಥವಾ ಪ್ಯಾಡಲ್‌ಬೋರ್ಡ್ ತರುವುದಾದರೆ ಅದಕ್ಕೂ ಪಾರ್ಕ್‌ನ ಪರ್ಮಿಟ್ ಬೇಕು, ತಪಾಸಣೆಯ ನಿಯಮಗಳೂ ಇವೆ. ಹಿಮ ಕರಗಿದ ನೀರು, ಬಿದ್ದರೆ ಕೈಕಾಲು ಬೇಗ ಮರಗಟ್ಟುತ್ತದೆ. ಈಜು ಬರುವವರೂ ಲೈಫ್ ಜಾಕೆಟ್ ಹಾಕಿಕೊಳ್ಳಲಿ.

ಹೊರಡುವ ದಿನ

ಪಟ್ಟಿ ಒಬ್ಬರ ಕೈಯಲ್ಲಿರಲಿ, ಇನ್ನೊಬ್ಬರು ಮಾಡುತ್ತಾ ಹೋಗಲಿ. ಬ್ಲ್ಯಾಕ್ ಟ್ಯಾಂಕ್, ಆಮೇಲೆ ಗ್ರೇ. ಚರಂಡಿ ಪೈಪ್ ತೊಳೆದು ಒಳಗಿಟ್ಟು, ಕೈಗವಸು ಬಿಸಾಕಿ, ಕೈ ತೊಳೆದ ಮೇಲೆಯೇ ಕುಡಿಯುವ ನೀರಿನ ಪೈಪ್ ಮುಟ್ಟುವುದು. ಬ್ರೇಕರ್ ಆಫ್ ಮಾಡಿ ಪ್ಲಗ್ ಕೀಳಿ. ಸ್ಲೈಡ್ ಒಳಗೆ, ಆನಿಂಗ್ (ಗಾಡಿಯ ಬದಿಯ ನೆರಳಿನ ಚಪ್ಪರ) ಸುತ್ತಿದ್ದು ಆಯ್ತಾ, ಮೆಟ್ಟಿಲು ಮಡಚಿದ್ದು ಆಯ್ತಾ, ಫ್ರಿಜ್ ಬಾಗಿಲಿಗೆ ಚಿಲಕ ಬಿತ್ತಾ, ಕಪಾಟುಗಳು ಮುಚ್ಚಿವೆಯಾ. ಉಪ್ಪಿನಕಾಯಿ ಬಾಟಲಿ ಮೇಲಿನ ಕಪಾಟಿನಲ್ಲಿದ್ದರೆ ಸಿಂಕಿನೊಳಗೆ ಟವೆಲ್ ಸುತ್ತಿ ಇಡಿ. ಕೊನೆಗೆ ಗಾಡಿಯ ಸುತ್ತ ಒಂದು ಸುತ್ತು, ಚಕ್ರದ ಅಡ್ಡಗಟ್ಟೆ ತೆಗೆದಿದ್ದೀರಾ ನೋಡಿ.

ಬಾಡಿಗೆ ಗಾಡಿ ಹಿಂದಿರುಗಿಸುವ ಗಡುವು ಸಾಮಾನ್ಯವಾಗಿ ಬೆಳಿಗ್ಗೆಯೇ ಇರುತ್ತದೆ. ಕೋಲ್ಟರ್ ಬೇಯಿಂದ ಅದೇ ದಿನ ಹೊರಟು ಸಾಲ್ಟ್ ಲೇಕ್ ಮುಟ್ಟಿಸುತ್ತೀನಿ ಅನ್ನುವುದು ಆಗದ ಮಾತು. ಕೊನೆಯ ರಾತ್ರಿಯನ್ನು ಸಾಲ್ಟ್ ಲೇಕ್‌ಗೆ ಹತ್ತಿರದ ಯಾವುದಾದರೂ ಆರ್‌ವಿ ಪಾರ್ಕ್‌ನಲ್ಲಿ ಕಳೆಯಿರಿ. ಅಲ್ಲೇ ಟ್ಯಾಂಕ್ ಖಾಲಿ ಮಾಡಿ, ಒಳಗೆ ಗುಡಿಸಿ, ಪೆಟ್ರೋಲು ಮತ್ತು ಗ್ಯಾಸನ್ನು ತಗೊಂಡಾಗ ಇದ್ದ ಮಟ್ಟಕ್ಕೆ ತುಂಬಿಸಿ. ಮೀಟರ್, ಜನರೇಟರ್ ಗಂಟೆ, ಗಾಡಿಯ ನಾಲ್ಕೂ ಬದಿಯ ಫೋಟೋವನ್ನು ತಗೊಳ್ಳುವಾಗಲೂ ಕೊಡುವಾಗಲೂ ತೆಗೆದಿಟ್ಟುಕೊಳ್ಳಿ. ಠೇವಣಿ ಪೂರ್ತಿ ವಾಪಸ್ ಬರುವವರೆಗೆ ಅಳಿಸಬೇಡಿ.